ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೂ ದುಡ್ಡು ಹಾಕಬೇಕೆ? ತೀರ್ಮಾನಕ್ಕೆ ಮುನ್ನ ನೋಡಬೇಕಾದದ್ದು

ನಮ್ಮ ಮನೆಯಲ್ಲಿದ್ದದ್ದು 2014ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಐ3-4130 ಪ್ರೊಸೆಸರ್, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಅದರಲ್ಲಿದ್ದವು. ಆ ವರ್ಷಗಳಲ್ಲಿ ಅಂಗಡಿಗೆ, ಡಿಟಿಪಿ ಕೇಂದ್ರಕ್ಕೆ, ಶಾಲೆಯ ಕಚೇರಿಗೆ ಹೆಚ್ಚುಕಡಿಮೆ ಇದೇ ಜೋಡಣೆಯನ್ನು ಕೊಡುತ್ತಿದ್ದರು, ಅಂಥ ಯಂತ್ರಗಳು ಇಂದಿಗೂ ಅನೇಕ ಕಡೆ ಓಡುತ್ತಿವೆ. ಐದಾರು ವರ್ಷ ಕಳೆದ ಮೇಲೆ ನಮ್ಮದು ಎಷ್ಟು ನಿಧಾನವಾಯಿತೆಂದರೆ, ಸ್ವಿಚ್ ಒತ್ತಿ ಬ್ರೌಸರಿನಲ್ಲಿ ಮೊದಲ ಪುಟ ಕಾಣುವಷ್ಟರಲ್ಲಿ ಆರು ನಿಮಿಷ ಹಿಡಿಯುತ್ತಿತ್ತು. ರಿಪೇರಿಗೆ ಒಯ್ದಾಗ ‘ಇದು ಹಳೇದಾಯ್ತು ಸಾರ್, ಹೊಸದೇ ತಗೊಂಡ್ಬಿಡಿ’ ಎಂಬ ಉತ್ತರ ಬಂತು. ಕೊಳ್ಳುವ ಮುನ್ನ ಒಂದು ಸಂಜೆ ಕುಳಿತು ಯಂತ್ರ ಎಲ್ಲಿ ತಡವರಿಸುತ್ತಿದೆ ಎಂದು ನೋಡಿದೆ. ಪ್ರೊಸೆಸರ್ ಶೇ 20ರಷ್ಟೂ ದುಡಿಯದೆ, ಹಾರ್ಡ್ ಡಿಸ್ಕಿನಿಂದ ಮಾಹಿತಿ ಬರಲೆಂದು ಸುಮ್ಮನೆ ಕಾಯುತ್ತಿತ್ತು. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಎಂಬ ಡ್ರೈವನ್ನೂ ಇನ್ನೊಂದು 4 ಜಿಬಿ ರ‍್ಯಾಮನ್ನೂ ಹಾಕಿಸಿದ ಮೇಲೆ ಅದೇ ಕೆಲಸ ಒಂದು ನಿಮಿಷದೊಳಗೆ ಮುಗಿಯತೊಡಗಿತು.

ಹಳೆಯ ಯಂತ್ರದ ಮುಂದೆ ಕುಳಿತವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಿಕೊಳ್ಳಬೇಕು. ಯಂತ್ರ ಏಕೆ ನಿಧಾನವಾಗಿದೆ ಎಂಬುದು ಒಂದು. ಅದರಲ್ಲಿ ಸುರಕ್ಷಿತವಾದ ಆಪರೇಟಿಂಗ್ ಸಿಸ್ಟಂ ಇನ್ನೆಷ್ಟು ಕಾಲ ನಡೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಳತೆಯಿಂದ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಪ್ರೊಸೆಸರಿನ ತಲೆಮಾರಿನಿಂದ. ಇವೆರಡನ್ನೂ ಕಲಸಿಬಿಟ್ಟರೆ, ಎಸ್‌ಎಸ್‌ಡಿಯೊಂದರಿಂದ ಸರಿಹೋಗುವ ಯಂತ್ರವನ್ನು ಗುಜರಿಗೆ ಹಾಕುವುದೂ ಆಗಬಹುದು, ಇನ್ನೊಂದು ವರ್ಷ ಬಾಳದ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವುದೂ ಆಗಬಹುದು.

ಮೊದಲು ಬ್ಯಾಕಪ್, ಆಮೇಲೆ ಒಳಗೇನಿದೆ ಎಂಬ ಲೆಕ್ಕ

ಸ್ಕ್ರೂ ಬಿಚ್ಚುವ ಮುನ್ನ, ಅಂಗಡಿಗೆ ಒಯ್ಯುವ ಮುನ್ನ, ಫೋಟೊ, ಲೆಕ್ಕಪತ್ರ, ಟೈಪ್ ಮಾಡಿದ ಕಡತಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳಿ. ನಕಲಾದ ಮೇಲೆ ಒಂದೆರಡು ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ’ ಎಂಬ ಮಾತಿಗೆ ಹೂಂ ಎಂದು ಹತ್ತು ವರ್ಷದ ಫೋಟೊ ಕಳೆದುಕೊಂಡವರನ್ನು ಕಂಡಿದ್ದೇನೆ.

ಬಳಿಕ ಯಂತ್ರದ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮ್ ಎಷ್ಟಿದೆ, ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂಬುದೆಲ್ಲ ಇರುತ್ತದೆ. ಮದರ್‌ಬೋರ್ಡಿನ ಮಾದರಿ ತಿಳಿಯಲು ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಸಾಕು. ಇಂಟೆಲ್ ಪ್ರೊಸೆಸರುಗಳ ತಲೆಮಾರನ್ನು ಅಡ್ಡಗೆರೆಯ ನಂತರದ ಅಂಕಿಯಿಂದ ಗುರುತಿಸಬಹುದು: ಐ3-4130 ಎಂದರೆ ನಾಲ್ಕನೆಯದು, ಐ5-8400 ಎಂದರೆ ಎಂಟನೆಯದು, ಐ5-10400 ಎಂದರೆ ಹತ್ತನೆಯದು. ಮುಂದಿನ ತೀರ್ಮಾನಗಳಲ್ಲಿ ಹೆಚ್ಚಿನವು ಈ ಒಂದು ಅಂಕಿಯ ಮೇಲೆ ನಿಲ್ಲುತ್ತವೆ.

ಇದೇ ಹೊತ್ತಿನಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಪುಟ ತೆರೆದು, ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿಕೊಳ್ಳಿ. 32 ಬಿಟ್ಟಿನ ವಿಂಡೋಸ್ 4 ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸಿಕೊಳ್ಳುವುದೇ ಇಲ್ಲ. 8 ಜಿಬಿ ಹಾಕಿಸಿದರೂ ಏನೂ ಬದಲಾಗಲಿಲ್ಲ ಎಂದು ಬೇಸರಪಟ್ಟವರ ಯಂತ್ರಗಳಲ್ಲಿ ಎಷ್ಟೋ ಸಲ ಇದೇ ಕಾರಣ ಇರುತ್ತದೆ. ಪ್ರೊಸೆಸರ್ 64 ಬಿಟ್ಟಿನದಾಗಿದ್ದರೆ ಖರ್ಚಿಲ್ಲದೆ ಸರಿಪಡಿಸಬಹುದಾದ ಕೊರತೆ ಇದು, ಆದರೆ ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತದೆ.

ಯಂತ್ರ ಎಲ್ಲಿ ಕಾಯುತ್ತಿದೆ ಎಂದು ನೋಡುವುದು

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದೇ. ಇದಕ್ಕೆ ಅರ್ಧ ಗಂಟೆ ತೆಗೆದಿಡಿ. ಕಂಪ್ಯೂಟರ್ ಚಾಲೂ ಮಾಡಿ, ನೀವು ದಿನವೂ ಮಾಡುವ ಕೆಲಸವನ್ನೇ ಎಂದಿನಂತೆ ಮಾಡುತ್ತಾ ಹೋಗಿ: ಬ್ರೌಸರಿನಲ್ಲಿ ನಿಮ್ಮ ಅಭ್ಯಾಸದಷ್ಟು ಟ್ಯಾಬ್ ತೆರೆಯಿರಿ, ಲೆಕ್ಕದ ತಂತ್ರಾಂಶ ತೆರೆಯಿರಿ, ಒಂದು ವಿಡಿಯೊ ಹಾಕಿ. ಯಂತ್ರ ತಡೆದು ನಿಂತ ಪ್ರತಿ ಸಲವೂ ಟಾಸ್ಕ್ ಮ್ಯಾನೇಜರ್ ಕಡೆಗೆ ಕಣ್ಣು ಹಾಯಿಸಿ, ಪ್ರೊಸೆಸರ್, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು ತುಂಬಿ ನಿಂತಿದೆ ಎಂದು ಗುರುತು ಹಾಕಿಕೊಳ್ಳಿ.

ಡಿಸ್ಕ್ ಶೇ 100ಕ್ಕೆ ಅಂಟಿಕೊಂಡು, ಉಳಿದವು ಕೆಳಗೇ ಇದ್ದರೆ ನಿಮ್ಮ ತೊಂದರೆ ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸಲು 8 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅದರ ಜೊತೆಗೆ ಓದುವ ಸೂಜಿ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ, ಚದುರಿಬಿದ್ದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ತಲುಪಬಲ್ಲದು. ವಿಂಡೋಸ್ ಚಾಲೂ ಆಗುವಾಗ ಓದುವುದು ಇಂಥ ಸಾವಿರಾರು ಚೂರುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ಅಂಥ ಓದುಗಳನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮಾಡುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಸೆಕೆಂಡಿಗೆ 500 ಎಂಬಿ ಎಂಬ ವೇಗಕ್ಕಿಂತ ನಿತ್ಯದ ಬಳಕೆಯಲ್ಲಿ ಅನುಭವಕ್ಕೆ ಬರುವುದು ಈ ವ್ಯತ್ಯಾಸವೇ.

ಮೆಮೊರಿ ಶೇ 85 ದಾಟಿದ ಹೊತ್ತಿನಲ್ಲೇ ಡಿಸ್ಕ್ ಕೂಡ ಏರುತ್ತಿದ್ದರೆ, ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕಿನ ಜಾಗವನ್ನೇ ರ‍್ಯಾಮಿನಂತೆ ಬಳಸುತ್ತಿದೆ ಎಂದರ್ಥ. ಇಲ್ಲಿ ರ‍್ಯಾಮ್ ಹೆಚ್ಚಿಸಬೇಕು. ಪ್ರೊಸೆಸರೇ ನಿಮಿಷಗಟ್ಟಲೆ ಶೇ 100ರಲ್ಲಿ ನಿಂತಿದ್ದರೆ, ಯಾವ ಪ್ರೋಗ್ರಾಂ ಅದನ್ನು ತಿನ್ನುತ್ತಿದೆ ಎಂದು ಪಟ್ಟಿಯಲ್ಲಿ ನೋಡಿ. ಎರಡೆರಡು ಆಂಟಿವೈರಸ್‌ಗಳೋ ಯಾರೋ ಹಾಕಿಕೊಟ್ಟ ಬೇಡದ ತಂತ್ರಾಂಶವೋ ಆಗಿದ್ದರೆ ತೆಗೆದುಹಾಕಿದರೆ ಸಾಕು. ನಿಮ್ಮ ನಿಜವಾದ ಕೆಲಸವೇ, ಅಂದರೆ ವಿಡಿಯೊ ಎಡಿಟಿಂಗಿನಂಥದ್ದು, ಪ್ರೊಸೆಸರನ್ನು ತುಂಬಿಸುತ್ತಿದ್ದರೆ ಮಾತ್ರ ಯಂತ್ರವನ್ನೇ ಬದಲಿಸುವ ಯೋಚನೆಗೆ ನ್ಯಾಯ ಇದೆ.

ಕ್ಯಾಬಿನೆಟ್ ತೆರೆದು ನೋಡುವುದು

ವಿದ್ಯುತ್ ಸಂಪರ್ಕ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಬೆಳಕಿನಲ್ಲಿ ಒಳಗೆ ನೋಡಿ. ಪ್ರೊಸೆಸರಿನ ಮೇಲಿನ ಫ್ಯಾನು ಮತ್ತು ಹೀಟ್‌ಸಿಂಕ್ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದ್ದರೆ ಶಾಖ ಹೊರಬೀಳದೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಹಾಯಿಸಿ, ಒಣಗಿ ಪುಡಿಯಾದ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿಸಿ. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಒಸರಿದ್ದರೆ, ಆ ಬೋರ್ಡಿಗೆ ಹೊಸ ಬಿಡಿಭಾಗ ಹಾಕಿಸಬೇಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಪೋರ್ಟ್‌ಗಳು ತುಕ್ಕು ಹಿಡಿದಿವೆಯೇ ಎಂದೂ ನೋಡಬೇಕು.

ಕೆಲವು ರೋಗಗಳಿಗೆ ಮದ್ದು ಬಹಳ ಅಗ್ಗ. ಪ್ರತಿ ಸಲ ಚಾಲೂ ಮಾಡಿದಾಗ ಗಡಿಯಾರ ಹಲವು ವರ್ಷ ಹಿಂದಿನ ತಾರೀಖಿಗೆ ಹೋಗುತ್ತಿದ್ದರೆ, ಬ್ಯಾಂಕಿನ ತಾಣಗಳು ಸುರಕ್ಷತೆಯ ಎಚ್ಚರಿಕೆ ತೋರಿಸಿ ತೆರೆಯದೆ ಹೋದರೆ, ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿ ಸತ್ತಿರುತ್ತದೆ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಅದನ್ನು ಬದಲಿಸಿದರೆ ಮುಗಿಯಿತು. ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುವುದು, ನಾಲ್ಕು ಸಲ ಒತ್ತಿದ ಮೇಲೆ ಚಾಲೂ ಆಗುವುದು ಹೆಚ್ಚಾಗಿ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಸೋಲುತ್ತಿರುವ ಲಕ್ಷಣ. ಕ್ಯಾಬಿನೆಟ್ಟಿನ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಇದ್ದರೆ, ವೋಲ್ಟೇಜ್ ಏರಿಳಿಯುವ ಊರುಗಳಲ್ಲಂತೂ, ಬೇರೇನು ಹಾಕಿಸುವ ಮೊದಲೂ ಅದನ್ನೇ ಒಳ್ಳೆಯ ಕಂಪನಿಯದಕ್ಕೆ ಬದಲಿಸುವುದು ಲೇಸೆಂದು ನನ್ನ ಅಭಿಪ್ರಾಯ. ಅದು ಕೆಟ್ಟು ಹೋಗುವಾಗ ಜೊತೆಯ ಭಾಗಗಳನ್ನೂ ಕೆಡಿಸಿಕೊಂಡು ಹೋಗಬಹುದು.

ಹಾರ್ಡ್ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳ ಸಂಖ್ಯೆ ದಿನದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ಇನ್ನು ನಂಬಬಾರದು.

ವಿಂಡೋಸ್ 10 ಮುಗಿದ ಮೇಲೆ ಎಳೆದ ಗೆರೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಯಂತ್ರ ಅಂದಿನ ಮರುದಿನವೂ ಎಂದಿನಂತೆ ಓಡುತ್ತದೆ. ಆದರೆ ಆಮೇಲೆ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಬರುವುದಿಲ್ಲ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷದ, ಅಂದರೆ 2026ರ ಅಕ್ಟೋಬರ್ 13ರವರೆಗಿನ, ಭದ್ರತಾ ಅಪ್‌ಡೇಟುಗಳ ಏರ್ಪಾಡನ್ನು ಕಂಪನಿ ಮಾಡಿತು. ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಸಲ್ಲಿಕೆ, ಗ್ರಾಹಕರ ಆಧಾರ್ ವಿವರ ಇರುವ ಯಂತ್ರವನ್ನು ತೇಪೆಯಿಲ್ಲದೆ ಇಂಟರ್ನೆಟ್ಟಿಗೆ ಜೋಡಿಸಿಡುವುದು ತಪ್ಪು. ಅದು ನಿಮ್ಮೊಬ್ಬರ ಅಪಾಯವಲ್ಲ, ನಿಮ್ಮನ್ನು ನಂಬಿ ಕಾಗದಪತ್ರ ಕೊಟ್ಟವರದ್ದೂ ಹೌದು.

ವಿಂಡೋಸ್ 11 ಹಾಕಿಕೊಳ್ಳಲು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಯಂತ್ರವನ್ನು ಚಾಲೂ ಮಾಡುವ ಹೊಸ ಬಗೆಯ ಮೂಲ ತಂತ್ರಾಂಶ), ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಚಾಲೂ ಆಗುವ ವ್ಯವಸ್ಥೆ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯ್ದಿಡುವ ಭದ್ರತಾ ಭಾಗ) ಬೇಕು. ಇದಕ್ಕಿಂತ ಮುಖ್ಯವಾಗಿ ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಸ್ಥೂಲವಾಗಿ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮುಂದಿನವು ಅದರಲ್ಲಿವೆ. ನಿಮ್ಮ ಮಾದರಿಯನ್ನು ಪಟ್ಟಿಯಲ್ಲೇ ಹುಡುಕಿ ನೋಡಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಎಂಟನೇ ತಲೆಮಾರಿನ ಯಂತ್ರವಿದ್ದರೂ ಮೈಕ್ರೋಸಾಫ್ಟಿನ ಪರೀಕ್ಷಾ ತಂತ್ರಾಂಶ ‘ಅರ್ಹವಲ್ಲ’ ಎಂದು ತೋರಿಸಬಹುದು. ಅಸೆಂಬಲ್ ಮಾಡಿಸಿದ ಯಂತ್ರಗಳ ಬಯೋಸ್‌ನಲ್ಲಿ (ಚಾಲೂ ಆಗುವಾಗಿನ ಸೆಟ್ಟಿಂಗ್‌ಗಳಿರುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಟಿಪಿಎಂ ಆಫ್ ಆಗಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಇಂಟೆಲ್ ಬೋರ್ಡುಗಳಲ್ಲಿ ಅದರ ಹೆಸರು ಪಿಟಿಟಿ ಎಂದಿರುತ್ತದೆ, ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂದು. ಆನ್ ಮಾಡಿದರೆ ಆಯಿತು, ಏನನ್ನೂ ಕೊಳ್ಳಬೇಕಾಗಿಲ್ಲ. ಡಿಸ್ಕಿನ ವಿಭಾಗಗಳ ಪಟ್ಟಿ ಹಳೆಯ ಎಂಬಿಆರ್ ಬಗೆಯದಾಗಿದ್ದರೆ, ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಹೊಸ ಬಗೆಯಾದ ಜಿಪಿಟಿಗೆ ಬದಲಿಸಿ, ಆಮೇಲೆ ಬಯೋಸನ್ನು ಯುಇಎಫ್‌ಐಗೆ ತಿರುಗಿಸಬೇಕು. ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸಿ ಕಾಯುವ ಬಿಟ್‌ಲಾಕರ್ ಚಾಲೂ ಇದ್ದರೆ ಈ ಕೆಲಸಕ್ಕೆ ಕೈಹಾಕುವ ಮೊದಲು ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ.

ಎಂಟಕ್ಕಿಂತ ಕೆಳಗಿನ ತಲೆಮಾರಿನ ಯಂತ್ರಗಳಿಗೂ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಪರೀಕ್ಷೆಯನ್ನು ತಪ್ಪಿಸಿ ಹಾಕುವುದು ಸಾಧ್ಯವೂ ಹೌದು. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲವಾದ್ದರಿಂದ, ದುಡಿಮೆಯ ಯಂತ್ರಕ್ಕೆ ಈ ದಾರಿ ಬೇಡ. ಬ್ರೌಸರ್, ಇಮೇಲ್, ಓದು, ಬರಹ, ವಿಡಿಯೊ ಇಷ್ಟೇ ಬಳಕೆಯಾದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಕೊಳ್ಳುವುದು ಒಳ್ಳೆಯ ದಾರಿ: ಅವು ಉಚಿತ, ಅಪ್‌ಡೇಟ್ ಸಿಗುತ್ತದೆ, ಯೂನಿಕೋಡ್ ಕನ್ನಡದ ಕೀಲಿಮಣೆಯೂ ಇದೆ. ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಹಾರ್ಡ್ ಡಿಸ್ಕಿನಲ್ಲಿ ಇರುವುದನ್ನು ಮುಟ್ಟದೆ, ಒಂದು ದಿನ ಬಳಸಿ ನೋಡಬಹುದು.

ನಿಮ್ಮ ತಂತ್ರಾಂಶ, ನಿಮ್ಮ ಪ್ರಿಂಟರ್

ಹೊಸ ಯಂತ್ರ ಕೊಂಡು ತಂದ ಮೇಲೆ ತಿಳಿಯಬಾರದ ಸಂಗತಿಗಳು ಕೆಲವಿವೆ. ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ. ಡಾಸ್ ಕಾಲದ 16 ಬಿಟ್ಟಿನ ಲೆಕ್ಕದ ಪ್ರೋಗ್ರಾಂಗಳು 64 ಬಿಟ್ಟಿನ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ. ಡಿಟಿಪಿ ಕೇಂದ್ರಗಳವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಪೇಜ್‌ಮೇಕರಿನ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಆದರೂ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ ಕಟ್ಟಿದ ಪುಸ್ತಕ, ಲಗ್ನಪತ್ರಿಕೆ, ಕರಪತ್ರಗಳ ಕಡತಗಳು ಅದರಲ್ಲೇ ಇವೆ. ಅಂಥ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಆದ್ದರಿಂದ ಫಾಂಟ್‌ಗಳನ್ನೂ ಇನ್‌ಸ್ಟಾಲ್ ಮಾಡುವ ಮೂಲ ಕಡತಗಳನ್ನೂ ಬೇರೆಯಾಗಿ ತೆಗೆದಿಡಿ, ಮುಖ್ಯವಾದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಿ, ಮುಗಿದ ಪುಟಗಳ ಪಿಡಿಎಫ್ ಮಾಡಿಡಿ. ಉದ್ದನೆಯ ಪ್ಯಾರಲಲ್ ಪೋರ್ಟಿಗೆ ಜೋಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಿಮ್ಮಲ್ಲಿದ್ದರೆ, ಹೊಸ ಬೋರ್ಡಿನಲ್ಲಿ ಆ ಪೋರ್ಟ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಹಳೆಯ ಯಂತ್ರವನ್ನು ಇಂಟರ್ನೆಟ್ ಇಲ್ಲದೆ ಈ ಕೆಲಸಗಳಿಗಷ್ಟೇ ಉಳಿಸಿಕೊಂಡರೂ ತಪ್ಪೇನಿಲ್ಲ.

ಯಾವ ಭಾಗಕ್ಕೆ ದುಡ್ಡು ಹಾಕಬಹುದು

ಬಿಡಿಭಾಗಗಳನ್ನು ನಾನು ಎರಡು ಗುಂಪಾಗಿ ನೋಡುತ್ತೇನೆ: ನಾಳೆ ಬೇರೆ ಯಂತ್ರ ಕೊಂಡರೂ ಜೊತೆಗೆ ಬರುವವು ಮತ್ತು ಹಳೆಯ ಬೋರ್ಡಿನೊಂದಿಗೇ ಮುಗಿದುಹೋಗುವವು. 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನಂತೆಯೇ ಕೇಬಲ್ಲಿನಿಂದ ಜೋಡಿಸುವ) ಎಸ್‌ಎಸ್‌ಡಿ, ಮಾನಿಟರ್, ಕೀಲಿಮಣೆ, ಯುಪಿಎಸ್, ಒಳ್ಳೆಯ ಎಸ್‌ಎಂಪಿಎಸ್ ಮೊದಲ ಗುಂಪಿನವು. ಇವುಗಳಿಗೆ ಹಾಕಿದ ಹಣ ಪೋಲಾಗುವುದು ಕಡಿಮೆ. ಡಿಡಿಆರ್3 ರ‍್ಯಾಮ್, ಹಳೆಯ ಸಾಕೆಟ್ಟಿನ ಪ್ರೊಸೆಸರ್ ಎರಡನೆಯ ಗುಂಪಿನವು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಪಟ್ಟಿಗಳ ಕಚ್ಚು ಬೇರೆಬೇರೆ ಕಡೆ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.

ಎಸ್‌ಎಸ್‌ಡಿ ಕೊಳ್ಳುವಾಗ ಬೋರ್ಡ್ ನೋಡಿಕೊಳ್ಳಿ. ಇಂಟೆಲ್‌ನ ಐದನೇ ತಲೆಮಾರಿನವರೆಗಿನ ಬೋರ್ಡುಗಳಲ್ಲಿ ಬಹುಪಾಲು ಎನ್‌ವಿಎಂಇ ಎಂಬ ಹೊಸ, ಹೆಚ್ಚು ವೇಗದ ಬಗೆಯ ಎಸ್‌ಎಸ್‌ಡಿಯಿಂದ ಚಾಲೂ ಆಗುವುದಿಲ್ಲ, ಅವುಗಳಿಗೆ ಸಾಟಾ ಬಗೆಯದೇ ಸರಿ. ಎಚ್81ರಂಥ ಚಿಪ್‌ಸೆಟ್ಟಿನಲ್ಲಿ ನಾಲ್ಕು ಸಾಟಾ ಪೋರ್ಟುಗಳಿದ್ದು, ಅವುಗಳಲ್ಲಿ ಎರಡು ಮಾತ್ರ 6 ಜಿಬಿಪಿಎಸ್ ವೇಗದವು. ಎಸ್‌ಎಸ್‌ಡಿಯ ಕೇಬಲ್ಲನ್ನು ಅವುಗಳಲ್ಲೊಂದಕ್ಕೇ ಹಾಕಿಸಿ. ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಎಂದಿರಲಿ. ಅದು ಐಡಿಇ ಎಂದಿದ್ದರೆ ವಿಂಡೋಸ್ ಹಾಕುವ ಮುಂಚೆಯೇ ಬದಲಿಸಬೇಕು, ಹಾಕಿದ ಮೇಲೆ ಬದಲಿಸಿದರೆ ಯಂತ್ರ ಚಾಲೂ ಆಗದೆ ಹೋಗಬಹುದು. ಹಳೆಯ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಫೋಟೊ, ವಿಡಿಯೊ ಇಡಲು ಒಳಗೇ ಇರಲಿ.

ರ‍್ಯಾಮ್ 4 ಜಿಬಿಯಿಂದ 8ಕ್ಕೆ ಏರಿದಾಗ ಕಾಣುವಷ್ಟು ವ್ಯತ್ಯಾಸ ಸಾಮಾನ್ಯ ಬಳಕೆಯಲ್ಲಿ 8ರಿಂದ 16ಕ್ಕೆ ಏರಿದಾಗ ಕಾಣುವುದಿಲ್ಲ. 2025ರ ಕೊನೆಯ ತಿಂಗಳುಗಳಿಂದ, ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ, ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಹಾಗಾಗಿ ಹಳೆಯ ಪಟ್ಟಿಯ ದರವನ್ನು ನಂಬದೆ ಆಯಾ ದಿನದ ದರವನ್ನು ಎರಡು ಮೂರು ಕಡೆ ವಿಚಾರಿಸಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಸಾಲು ಅಂಗಡಿಗಳಲ್ಲಿ ಒಂದು ಸುತ್ತು ಹಾಕಿದರೆ ದರದ ಅಂದಾಜು ಸಿಗುತ್ತದೆ. ಬಿಲ್ಲು, ಗ್ಯಾರಂಟಿ ಇಲ್ಲದ ರ‍್ಯಾಮ್, ಎಸ್‌ಎಸ್‌ಡಿ ಎಷ್ಟೇ ಅಗ್ಗವಾದರೂ ಬೇಡ. ನಾಲ್ಕನೇ ತಲೆಮಾರಿನ ಐ3 ತೆಗೆದು ಅದೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಐ5 ಹಾಕಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ವೇಗ ಸ್ವಲ್ಪ ಹೆಚ್ಚುತ್ತದೆ, ಆದರೆ ವಿಂಡೋಸ್ 11ರ ಗೆರೆಯ ಇತ್ತಕಡೆಯೇ ಉಳಿಯುತ್ತೀರಿ.

ಖರ್ಚಿನ ಮಿತಿ

ಎಂಟನೇ ತಲೆಮಾರು ಅಥವಾ ಮುಂದಿನ ಯಂತ್ರ, ಬೋರ್ಡ್ ಗಟ್ಟಿಯಾಗಿದೆ, ಡಿಸ್ಕ್ ಅಥವಾ ರ‍್ಯಾಮ್ ಮಾತ್ರ ಸಾಲದು ಎಂದು ಅಳತೆಯಲ್ಲಿ ಕಂಡರೆ ಅನುಮಾನಿಸದೆ ಅಪ್‌ಗ್ರೇಡ್ ಮಾಡಿಸಿ. ಅದಕ್ಕಿಂತ ಹಳೆಯದಾಗಿದ್ದು ಲಿನಕ್ಸ್ ಸಾಕೆನ್ನುವವರು ಸಾಟಾ ಎಸ್‌ಎಸ್‌ಡಿಯ ಖರ್ಚಿಗೆ ನಿಲ್ಲಿಸಿ, ಹೆಚ್ಚೆಂದರೆ ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸೇರಿಸಿ. ವಿಂಡೋಸ್ ಬೇಕೇಬೇಕು, ಯಂತ್ರ ಮಾತ್ರ ಹಳೆಯದು ಎನ್ನುವವರು ಅದರ ಮೇಲೆ ಇನ್ನು ಖರ್ಚು ಮಾಡಬಾರದು. ಒಟ್ಟಾರೆ ಬಿಡಿಭಾಗಗಳ ಖರ್ಚು ನಿಮ್ಮ ಕೆಲಸಕ್ಕೆ ಸಾಲುವ ಬದಲಿ ಯಂತ್ರದ ಬೆಲೆಯ ಮೂರನೇ ಒಂದು ಪಾಲನ್ನು ದಾಟಿದರೆ ನಾನು ಅಲ್ಲಿಗೆ ಕೈಬಿಡುತ್ತೇನೆ.

ಬದಲಿ ಯಂತ್ರವೆಂದರೆ ಹೊಸದೇ ಆಗಬೇಕೆಂದಿಲ್ಲ. ಕಂಪನಿಗಳ ಕಚೇರಿಗಳಿಂದ ಹೊರಬಂದ, ಎಂಟನೇ ತಲೆಮಾರಿನ ಮತ್ತು ಮುಂದಿನ ರೀಫರ್ಬಿಶ್ಡ್ (ಪರೀಕ್ಷಿಸಿ ದುರಸ್ತಿ ಮಾಡಿ ಮತ್ತೆ ಮಾರುವ) ಡೆಸ್ಕ್‌ಟಾಪ್‌ಗಳು ಮಾರುಕಟ್ಟೆಯಲ್ಲಿವೆ. ಪುಸ್ತಕದ ಗಾತ್ರದ ಚಿಕ್ಕ ಕ್ಯಾಬಿನೆಟ್ಟಿನವನ್ನು ಕೊಳ್ಳುವಾಗ ಮಾತ್ರ ನೆನಪಿಡಿ, ಅವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡ್ ಹಲವು ಸಲ ಆ ಕಂಪನಿಯದೇ ಅಳತೆಯವಾಗಿರುವುದರಿಂದ ಕೆಟ್ಟಾಗ ಸಾಮಾನ್ಯ ಅಂಗಡಿಯ ಭಾಗಗಳು ಹೊಂದುವುದಿಲ್ಲ. ಅಂಗಡಿಯಲ್ಲೇ ಚಾಲೂ ಮಾಡಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಹೆಸರು ನೋಡಿ, ಡಿಸ್ಕಿನ ಆರೋಗ್ಯ ನೋಡಿ, ವಿಂಡೋಸ್ ಸಕ್ರಿಯವಾಗಿದೆಯೇ ಎಂದು ನೋಡಿ, ಆಮೇಲೆ ದುಡ್ಡು ಕೊಡಿ.

ಹಳೆಯದನ್ನು ಮಾರುವವರು ಹಾರ್ಡ್ ಡಿಸ್ಕನ್ನು ತೆಗೆದಿಟ್ಟುಕೊಳ್ಳಿ ಅಥವಾ ಪೂರ್ತಿ ಅಳಿಸಿ ಕೊಡಿ. ಡಿಲೀಟ್ ಮಾಡಿದ ಕಡತಗಳನ್ನು ಮರಳಿ ಪಡೆಯುವುದು ಕಷ್ಟವಲ್ಲ. ಕೆಟ್ಟ ಬೋರ್ಡು, ಎಸ್‌ಎಂಪಿಎಸ್‌ಗಳನ್ನು ಕಸದ ಗಾಡಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ.

ನಮ್ಮ ಮನೆಯ 2014ರ ಯಂತ್ರಕ್ಕೆ ವಿಂಡೋಸ್ 11ರ ದಾರಿ ಇರಲಿಲ್ಲ. ಲೆಕ್ಕಪತ್ರದ ಕೆಲಸಕ್ಕೆ ಎಂಟನೇ ತಲೆಮಾರಿನ ರೀಫರ್ಬಿಶ್ಡ್ ಯಂತ್ರ ತಂದೆವು. ಹಿಂದೆ ಕೊಂಡಿದ್ದ ಎಸ್‌ಎಸ್‌ಡಿಯೂ ಮಾನಿಟರೂ ಅದಕ್ಕೆ ಹೋದವು. ಹಳೆಯದರಲ್ಲಿ ಹಾರ್ಡ್ ಡಿಸ್ಕಿನ ಮೇಲೇ ಲಿನಕ್ಸ್ ಮಿಂಟ್ ಹಾಕಿದೆ. ಚಾಲೂ ಆಗಲು ಎರಡು ನಿಮಿಷ ಹಿಡಿಯುತ್ತದೆ, ಒಮ್ಮೆ ಚಾಲೂ ಆದ ಮೇಲೆ ತಾಯಿಯವರು ಸಂಜೆ ಅದರಲ್ಲಿ ಪತ್ರಿಕೆ ಓದಿಕೊಳ್ಳುತ್ತಾರೆ.